ನಳಿಕೆಯ ಒಳಮೈ

ರಾಣೇಬೆನ್ನೂರು
೧೨ ನವೆಂಬರ್ ೨೦೨೪

ಕಬ್ಬಿಣ ಹೆಂಗಸರ ಮಾತು ಕೇಳುವುದಿಲ್ಲ ಎಂದೋ, ಕಬ್ಬಿಣಕ್ಕೆ ಮಾತೇ ತಿಳಿಯುವುದಿಲ್ಲ ಎಂದೋ ಅವತ್ತು ನೀನು ಅಂದದ್ದು, ಶಂಭೂ, ಪೂರ್ತಿಯಾಗಿ ನೆನಪಿಗೆ ಬರುತ್ತಿಲ್ಲ. ನಮ್ಮ ಯಜಮಾನರು ತೀರಿಕೊಂಡು ತಿಂಗಳೂ ಆಗಿರಲಿಲ್ಲ. ನೀನು ನಮ್ಮ ಪ್ಲೇಟಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು, ಇದಕ್ಕೆ ಬೀಗ ಹಾಕಿ ಬ್ಯಾಡಗಿಗೆ ನಡೆ ಎಂದೆ. ಅದರ ಜೊತೆಗೆ ಈ ಮಾತು. ನಾನು ಏನೆಂದೆನೋ ಅದೂ ನೆನಪಿಲ್ಲ. ನೀನು ಚಹಾ ಕುಡಿಯದೆ ಹೋದದ್ದು ನೆನಪಿದೆ. ಆಮೇಲೆ ಏಳು ವರ್ಷ, ಒಂದು ತಾಸಿನ ಬಸ್ಸಿನ ದಾರಿಯ ಎರಡು ತುದಿಯಲ್ಲಿದ್ದುಕೊಂಡು, ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಉಂಡೆವು.

ಕಾವ್ಯಾ ಮೊನ್ನೆ ಬಂದಿದ್ದಳು. ನಿನ್ನ ಗಂಟಲಿನ ಆಪರೇಷನ್ನಿನ ಸುದ್ದಿ ನನಗೆ ಹೊರಗಿನವರಿಂದ ತಿಳಿದಿತ್ತು. ದನಿಪೆಟ್ಟಿಗೆ ತೆಗೆದಿದ್ದಾರೆ, ಕೊರಳಿನ ತೂತಿನಿಂದ ಉಸಿರಾಡುತ್ತೀ, ಅಷ್ಟು. ಉಳಿದದ್ದನ್ನು ನಿನ್ನ ಮಗಳು ಹೇಳಿದಳು. ತೂತು ಮುಚ್ಚಿಹೋಗದಂತೆ ಒಂದು ಬಾಗಿದ ನಳಿಕೆ ಹಾಕಿಕೊಂಡಿರಬೇಕು. ಕ್ಯಾನ್ಸರಿಗೆಂದು ರೇಡಿಯೇಷನ್ ಕರೆಂಟು ಹಿಡಿಸಿದ ಮೇಲೆ ನಿನ್ನ ಶ್ವಾಸನಾಳ ಒಂದು ಕಡೆ ವಾಲಿದೆ. ಅಂಗಡಿಯಲ್ಲಿ ಸಿಗುವ ನಳಿಕೆ ಎಡಗೋಡೆಗೆ ಒತ್ತುತ್ತದೆ, ಗಾಯವಾಗುತ್ತದೆ, ರಕ್ತ ಒಣಗಿ ದಾರಿ ಕಟ್ಟುತ್ತದೆ. ಒಮ್ಮೆ ನಿನ್ನ ತುಟಿ ನೀಲಿಯಾಗಿ, ನಿನ್ನ ಹೆಂಡತಿ ಪ್ರೇಮವ್ವ ನಳಿಕೆಯನ್ನೇ ಕಿತ್ತು ತೆಗೆದಳಂತೆ.

ಅದಕ್ಕೆ ಕಾವ್ಯಾ ಹಾವೇರಿಯ ತನ್ನ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿನ್ನ ಕೊರಳಿನ ಅಳತೆಗೇ ಒಂದು ನಳಿಕೆ ಮಾಡಿಸಿದ್ದಾಳೆ. ಸ್ಟೇನ್‌ಲೆಸ್ ಸ್ಟೀಲಿನ ಪುಡಿಯ ಮೇಲೆ ಲೇಸರ್ ಓಡಿಸಿ, ಪದರದ ಮೇಲೆ ಪದರ ಕರಗಿಸಿ ಕೂಡಿಸುವ ಯಂತ್ರ. ಬಾಗು ಸರಿಯಾಗಿ ಬಂದಿದೆ. ಆದರೆ ಮೈಗೆಲ್ಲ ಅರ್ಧ ಕರಗಿದ ಪುಡಿ ರವೆಯಂತೆ ಅಂಟಿಕೊಂಡಿದೆ. ಹುಬ್ಬಳ್ಳಿಯ ಡಾಕ್ಟರ್ ಶೀಲಾ ಒಳಗೆ ಬೆರಳ ತುದಿ ಇಟ್ಟು ನೋಡಿ, ನಳಿಕೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರಂತೆ. ಕಫ ಹಿಡಿದುಕೊಳ್ಳುವುದಕ್ಕೇ ಮಾಡಿದಂತಿದೆ ಎಂದರಂತೆ. ಹೊರಗಡೆ ಉಜ್ಜಬಹುದು, ಬಾಗಿನ ಒಳಗೆ ಯಾವ ಅರ, ಯಾವ ಕಾನಸು ಹೋಗುತ್ತದೆ?

“ಅತ್ತಿ, ನೀವು ಲೋಹದ ಮ್ಯಾಲೆ ಲೋಹ ಏರಸ್ತೀರಿ. ಇಳಸಾಕ ಬರ್ತೈತೇನ್ರಿ?” ಎಂದಳು.

“ಇಪ್ಪತ್ತೇಳು ವರ್ಷ ಏರಿಸೇನಿ. ಇಳಸೂದೇನು ದೊಡ್ಡದು? ವಯರು ತಿರುವಿ ಹಚ್ಚಿದ್ರ ಆತು.”

ಹಾಗೆ ಅಂದುಬಿಟ್ಟಿದ್ದೇನೆ. ನಮ್ಮ ಕೆಲಸದಲ್ಲಿ ವಸ್ತುವನ್ನು ಮೈನಸ್ಸಿಗೆ ಕಟ್ಟುತ್ತೇವೆ. ನೀರಿನಲ್ಲಿರುವ ನಿಕ್ಕಲ್ ಬಂದು ಅದರ ಮೈಗೆ ಕೂಡುತ್ತದೆ. ಇಲ್ಲಿ ವಸ್ತು ಪ್ಲಸ್ಸಿಗೆ. ಉಪ್ಪಿನ ನೀರಿನಲ್ಲಿ ಉಕ್ಕಿನ ಮೈಯೇ ಕರಗುತ್ತದೆ, ಉಬ್ಬಿದ್ದು ಮೊದಲು. ಏನೂ ತಾಗುವುದಿಲ್ಲ, ಉಜ್ಜುವುದಿಲ್ಲ, ಕಾಯುವುದಿಲ್ಲ. ಮಾಡುತ್ತೇನೆ.

ನೀನು ಫೋನಿನಲ್ಲಿ ಮಾತಾಡಲಾರೆ, ನಾನು ಆ ಪುಟ್ಟ ಪರದೆಯ ಮೇಲೆ ಬರೆಯಲಾರೆ. ನಾನು ಮಾಡಿ ನೋಡಿದ ಉಕ್ಕಿನ ತುಂಡುಗಳನ್ನು ಹೇಗೂ ಇಸಾಕಸಾಬನ ಮೆಣಸಿನಕಾಯಿ ಟೆಂಪೋದಲ್ಲಿ ನಿಮ್ಮ ಮನೆಗೆ ಕಳಿಸಬೇಕು, ಕಾವ್ಯಾ ಅಲ್ಲಿಂದ ಹಾವೇರಿಗೆ ಒಯ್ಯಬೇಕು. ಡಬ್ಬಿಯಲ್ಲಿ ಒಂದು ಕಾಗದಕ್ಕೆ ಜಾಗವಿರುತ್ತದೆ.

ಶ್ರೀದೇವಿ


ಬ್ಯಾಡಗಿ
೨೦ ನವೆಂಬರ್

ಅಕ್ಕಾ,

ನಾನು ಅಂದದ್ದು ಅದಲ್ಲ. ‘ಕಬ್ಬಿಣದ ಜೋಡಿ ಕುಂತು ಕುಂತು ನೀನೂ ಕಬ್ಬಿಣ ಆಗ್ತಿ’ ಅಂದಿದ್ದೆ. ನೀನು ಆದೆಯೋ ಇಲ್ಲವೋ ತಿಳಿಯದು. ನಾನಂತೂ ಕೊರಳಲ್ಲಿ ಕಬ್ಬಿಣ ಹಾಕಿಕೊಳ್ಳಲು ಕಾದು ಕೂತಿದ್ದೇನೆ.

ಮೆಣಸಿನಕಾಯಿ ಪೇಟೆಗೆ ಹೋಗುತ್ತೇನೆ. ಡಾಕ್ಟರು ಬೇಡವೆಂದಿದ್ದಾರೆ. ಕೊರಳಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಡತಿ ಅಂಗಡಿಯ ಒಳಕೋಣೆಯಲ್ಲಿ ಕೂಡುತ್ತೇನೆ. ಮೊದಲಿನ ಹಾಗೆ ಕೂಗಿ ಸವಾಲು ಮಾಡುವ ಕಾಲ ಇದ್ದಿದ್ದರೆ ನನ್ನ ಕಥೆ ಮುಗಿದಿತ್ತು. ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲಿ, ದನಿ ಇಲ್ಲದವನೂ ದಲಾಲಿ ಮಾಡಬಹುದು. ಕರ್ಜಗಿಯ ಒಬ್ಬ ರೈತ ನಿನ್ನೆ ಎದುರಿಗೇ ಅಂದ: “ಸಾವ್ಕಾರ್ರು ಈಗ ಭಾಳ ಚಲೋ ಆಗ್ಯಾರ. ರೇಟಿನ ಬಗ್ಗೆ ಒಂದು ಮಾತೂ ಆಡಂಗಿಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ನಗು ಈಗ ಸೈಕಲ್ ಪಂಪಿನ ಸಪ್ಪಳದಂತೆ ಬರುತ್ತದೆ.

ಕಾವ್ಯಾ ನಿನಗೆ ಹೇಳದ ಒಂದು ಸಂಗತಿ ಹೇಳುತ್ತೇನೆ. ನಾನು ಮಲಗುವುದಿಲ್ಲ. ಗೋಡೆಗೆ ಒರಗಿ ಕೂಡುತ್ತೇನೆ. ಕಣ್ಣು ಹತ್ತಿದರೆ ನಳಿಕೆ ಕಟ್ಟುತ್ತದೆ, ಕಟ್ಟಿದರೆ ಕೂಗಿ ಎಬ್ಬಿಸಲು ದನಿಯಿಲ್ಲ. ಪ್ರೇಮವ್ವ ಎಚ್ಚರವಿರುತ್ತಾಳೆ, ಅವಳು ಸೋತಾಗ ಕಾವ್ಯಾ. ಮೂವರೂ ನಿದ್ದೆಗೆಟ್ಟು ಒಬ್ಬರ ಮೇಲೊಬ್ಬರು ಹರಿಹಾಯುತ್ತೇವೆ, ನಾನು ಕೈಸನ್ನೆಯಲ್ಲಿ.

ದನಿಯ ಆಸೆ ಬಿಟ್ಟಿದ್ದೇನೆ. ಉದ್ದಕ್ಕೆ ಕಾಲು ಚಾಚಿ ಮಲಗಬೇಕು, ಯಾರೂ ಕಾಯದೆ. ಅಷ್ಟಕ್ಕೆ ಆಗುವ ನಳಿಕೆ ಮಾಡು.

ಶಂಭುಲಿಂಗ


ರಾಣೇಬೆನ್ನೂರು
೯ ಡಿಸೆಂಬರ್

ಶಂಭೂ,

ಒಂದು ನಳಿಕೆ ಹಾಳು ಮಾಡಿದೆ. ಮೊದಲೇ ಹೇಳಿಬಿಡುತ್ತೇನೆ. ಕಾವ್ಯಾ ಅದೇ ಅಳತೆಯವು ಒಟ್ಟು ಮೂರು ಮಾಡಿಸಿ ಕೊಟ್ಟಿದ್ದಳು, ಈಗ ಎರಡು ಉಳಿದವು.

ಮೊದಲು ನಮ್ಮ ರೂಢಿಯಂತೆ ತೊಟ್ಟಿಯಲ್ಲಿ ತೂಗುಬಿಟ್ಟೆ. ಅಡುಗೆ ಉಪ್ಪು ಸಾಕೆಂದುಕೊಂಡಿದ್ದೆ. ಅದರಿಂದ ಈ ಉಕ್ಕಿನಲ್ಲಿ ಗುಳಿ ಬೀಳುತ್ತವೆಂದು ಕಾವ್ಯಾ ಬೇರೆ ಉಪ್ಪು ತಂದಳು, ಸೋಡಿಯಂ ನೈಟ್ರೇಟ್. ಹೊರಮೈ ಕನ್ನಡಿಯಾಯಿತು. ಒಳಗೆ ರವೆ ಇದ್ದಂತೆಯೇ ಇತ್ತು. ಕರೆಂಟು ಹತ್ತಿರದ ದಾರಿ ಹಿಡಿಯುತ್ತದೆ, ಸುತ್ತಿ ಬಳಸಿ ಒಳಗೆ ಹೋಗುವುದಿಲ್ಲ. ಅದಕ್ಕೆ ನಳಿಕೆಯ ಒಳಗೇ ಒಂದು ತಾಮ್ರದ ತಂತಿ ಇಳಿಸಿದೆ, ಆ ತಂತಿಗೆ ಮೈನಸ್ಸು. ಬಾಗಿನಲ್ಲಿ ತಂತಿ ಗೋಡೆಗೆ ತಾಗಿತು. ಒಂದು ಕಿಡಿ, ಸೂಜಿ ತೂರುವಷ್ಟು ತೂತು.

ತಂತಿ ಬಾಗಿಯೂ ಬಾಗಬೇಕು, ನಟ್ಟ ನಡುವೆಯೂ ನಿಲ್ಲಬೇಕು. ಎರಡು ದಿನ ಅದನ್ನೇ ನೋಡುತ್ತ ಕೂತೆ. ಆಮೇಲೆ ಎದ್ದು ಉಚ್ಚಂಗೆವ್ವನ ಬಳೆ ಅಂಗಡಿಗೆ ಹೋದೆ.

“ಎಂಥಾ ಮಣಿ ಬೇಕಬೇ?” ಎಂದಳು.

“ಸಣ್ಣವು. ಜ್ವಾಳದ ಕಾಳಿಗಿಂತ ಜರಾ ದೊಡ್ಡವು. ನೀರಾಗ ನೆನೀಬಾರ್ದು, ಕರೆಂಟು ಹಾಯಬಾರ್ದು.”

“ಕರೆಂಟು! ಯಾರ ಕೊಳ್ಳಿಗೆ ಈ ಸರಾ?”

“ನಮ್ಮ ಶಂಭೂಗ.”

“ಏಳು ವರ್ಷ ಮಾತಾಡಸ್ಲಿಲ್ಲ, ಈಗ ಕರೆಂಟಿನ ಸರಾ ಹಾಕಾಕತ್ತೀದಿ? ಸಿಟ್ಟು ಇನ್ನೂ ಇಳಿದಿಲ್ಲ ಬಿಡು ನಿಂದು!”

ಹೆಣೆದ ಮೆತ್ತನೆಯ ತಾಮ್ರದ ತಂತಿಗೆ ಅವಳ ಪ್ಲಾಸ್ಟಿಕ್ ಮಣಿಗಳನ್ನು ಬಿಡಿಬಿಡಿಯಾಗಿ ಪೋಣಿಸಿದೆ. ನೀರು ದಾಟಿ ಹೋಗಲೆಂದು ಪ್ರತಿ ಮಣಿಯ ಅಂಚಿನಲ್ಲಿ ಕಚ್ಚು ಹಾಕಿದೆ. ಸರ ನಳಿಕೆಯೊಳಗೆ ಹಾವಿನಂತೆ ಸರಿದು ಹೋಯಿತು, ತಂತಿ ಎಲ್ಲಿಯೂ ಗೋಡೆಗೆ ತಾಗಲಿಲ್ಲ. ತೂತು ಬಿದ್ದ ನಳಿಕೆಯನ್ನು ಕೊಯ್ದು ಗಿಡ್ಡ ತುಂಡುಗಳನ್ನು ಮಾಡಿ, ಅವುಗಳ ಮೇಲೆ ನಡೆಸಿ ನೋಡಿದ್ದೇನೆ. ಕೆಲವು ತುಂಡುಗಳನ್ನು ಕಳಿಸುತ್ತಿದ್ದೇನೆ. ಕಾವ್ಯಾ ಸೂಕ್ಷ್ಮದರ್ಶಕದಲ್ಲಿ ನೋಡಲಿ. ಉಕ್ಕು ಕರಗಿ ಹಳದಿಯಾದ ನೀರನ್ನು ಗಟಾರಕ್ಕೆ ಬಿಟ್ಟಿಲ್ಲ, ಅವಳು ಹೇಳಿದಂತೆ ಕ್ಯಾನಿನಲ್ಲಿ ಕೂಡಿಟ್ಟಿದ್ದೇನೆಂದು ಹೇಳು.

ನೀನು ಬರೆದದ್ದನ್ನು ಓದಿದೆ. ಅದಕ್ಕೆ ಉತ್ತರ ಕಾಗದದಲ್ಲಿ ಕೊಡುವಂಥದ್ದಲ್ಲ.

ನಿನ್ನ ಅಕ್ಕ
ಶ್ರೀದೇವಿ


ಬ್ಯಾಡಗಿ
೨೭ ಡಿಸೆಂಬರ್

ಅಕ್ಕಾ,

ಕಾವ್ಯಾ ತುಂಡುಗಳನ್ನು ನೋಡಿದಳು. ರವೆ ಹೋಗಿದೆ. ಅದರ ಕೆಳಗೆ ಮೀನಿನ ಹುರುಪೆ ಎದ್ದಿದೆ. ಚಿತ್ರ ತೆಗೆದು ತಂದು ತೋರಿಸಿದಳು, ಹುರುಪೆಯ ಮೇಲೆ ಹುರುಪೆ, ತುಂಗಭದ್ರೆಯ ಮೀನೇ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನಗೆ ತಿಳಿದಷ್ಟು:

“ಇದು ಒಂದ ಎರಕದಾಗ ಹುಟ್ಟಿದ ಉಕ್ಕಲ್ಲಪ್ಪಾ. ಲೇಸರು ಗೆರಿ ಗೆರಿ ಎಳಕೋತ ಹೋಗೈತಿ. ಗೆರಿಗೆ ಗೆರಿ ಕೂಡಿದ ಸಂದಿ ಒಂದು ಥರಾ ಕರಗ್ತಾವ, ನಡುವಿನದು ಒಂದು ಥರಾ. ಅತ್ತಿಯವರು ಸಾವಕಾಶ ಹೊಂಟಾರ, ಅದಕ್ಕ ಸಂದಿ ಲಗೂ ತಿಂದು ಹಾಕೇತಿ. ಜೋರು ಕರೆಂಟು ಬಿಟ್ಟು ಬಿಟ್ಟು ಕೊಡಬೇಕು, ನೀರು ಭರ್ರಂತ ಹರೀಬೇಕು. ಆವಾಗ ಎರಡೂ ಒಂದ ಸಮ ಕರಗ್ತಾವ.”

ಹಳೆ ಪ್ಲೇಟಿಂಗಿನವಳಿಗೆ ಸಾವಕಾಶ ಅನ್ನುವುದು ಚಾಳಿಯಾಗಿರುತ್ತದೆ, ಅದನ್ನು ಬಿಡಿಸು ಎಂದೂ ಅಂದಳು. ನಾನು ಬಿಡಿಸುವವನಲ್ಲ. ಬರೆದಿದ್ದೇನೆ.

ಇನ್ನೆರಡು ಸಂಗತಿ. ಪ್ರಿಂಟ್ ಮಾಡುವ ಯಂತ್ರ ಕಾಲೇಜಿನದಲ್ಲ, ಕಡ ತಂದದ್ದು. ಜನವರಿ ಕೊನೆಗೆ ಮರಳಿ ಹೋಗುತ್ತದೆ. ಆಮೇಲೆ ಹೊಸ ನಳಿಕೆ ಇಲ್ಲ. ಮತ್ತು ಡಾಕ್ಟರು ಮೊನ್ನೆ ನೋಡಿ, ತೂತು ಕುಗ್ಗುತ್ತಿದೆ, ಫೆಬ್ರುವರಿ ಮುಗಿಯುವುದರೊಳಗೆ ಸರಿಯಾದ ನಳಿಕೆ ಕೂಡದಿದ್ದರೆ ಮತ್ತೆ ಕೊಯ್ದು ಅಗಲ ಮಾಡಬೇಕು ಅಂದರು. ಕರೆಂಟು ಹಿಡಿಸಿದ ಮೈ ಮತ್ತೆ ಕೂಡಿಕೊಳ್ಳುತ್ತದೆಂಬ ಭರವಸೆ ಇಲ್ಲವಂತೆ. ಹೇಳುವಾಗ ಅವರು ಕಿಟಕಿ ನೋಡುತ್ತಿದ್ದರು.

ಹೋದ ವಾರ ಮತ್ತೆ ಕಟ್ಟಿತ್ತು. ಬರೆಯುವಂಥದ್ದೇನಿಲ್ಲ.

ಶಂಭು


ರಾಣೇಬೆನ್ನೂರು
೨೮ ಜನವರಿ ೨೦೨೫

ಶಂಭೂ,

ಆಯಿತು.

ನಿನ್ನ ಮಗಳ ಮಾತಿನಂತೆ ಮಾಡಿದೆ. ಬೋರಿಗೆ ಬಳಸುತ್ತಿದ್ದ ಹಳೆಯ ಪಂಪು ಕೂಡಿಸಿ ನಳಿಕೆಯೊಳಗೆ ನೀರು ರಭಸದಿಂದ ಓಡಿಸಿದೆ. ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಒಂದು ಸಾಧನವನ್ನು ಅವಳೇ ಕಟ್ಟಿಕೊಟ್ಟಿದ್ದಳು. ಗಿಡ್ಡ ತುಂಡುಗಳ ಮೇಲೆ ವಾರಗಟ್ಟಲೆ ಕಲಿತು, ಹುರುಪೆ ಏಳುವುದು ನಿಂತ ಮೇಲೆ ಇಂದು ಎರಡನೆಯ ನಳಿಕೆಗೆ ಕೈ ಹಾಕಿದೆ. ನಡುವೆ ಒಮ್ಮೆ ಬಿಚ್ಚಿ ಹತ್ತಿಯ ಬತ್ತಿ ಎಳೆದು ನೋಡಿದೆ. ಒಂದೆರಡು ಕಡೆ ಎಳೆ ಸಿಕ್ಕಿತು. ಇನ್ನೂ ಸ್ವಲ್ಪ ಬೇಕೆಂದು ಮತ್ತೆ ಜೋಡಿಸಿ ನಡೆಸಿದೆ. ಕೊನೆಗೆ ಬತ್ತಿ ಎಣ್ಣೆಯಲ್ಲಿ ಜಾರಿದಂತೆ ಜಾರಿತು. ಒಂದು ಎಳೆಯೂ ಸಿಗಲಿಲ್ಲ.

ನಮ್ಮ ಅಂಗಡಿಯ ಗಂಗಾ ನಳಿಕೆಯನ್ನು ಕೈಯಲ್ಲಿ ಹಿಡಿದು, “ಅಕ್ಕಾರ, ಇದು ಕೊಳ್ಳಾಗ ಹಾಕೂದಲ್ಲ, ಬೀಗರಿಗೆ ತೋರಸೂದು” ಅಂದಳು.

ಇಸಾಕಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾವ್ಯಾ ಯಂತ್ರ ಮರಳಿಸಲು ಹೋಗಿದ್ದಾಳೆಂದು ಗೊತ್ತು, ಎರಡು ದಿನ ಇರಲಿ. ಡಾಕ್ಟರರ ಕೈಗೆ ಕೊಡುವವರೆಗೆ ಅದನ್ನು ಹಾಕಿಕೊಳ್ಳಬೇಡ. ನಿನ್ನ ಸ್ವಭಾವ ನನಗೆ ಗೊತ್ತು.

ಅಕ್ಕ


ಬ್ಯಾಡಗಿ
೩೦ ಜನವರಿ

ಅಕ್ಕಾ,

ಹಾಕಿಕೊಳ್ಳಲು ಹೊರಟಿದ್ದೆ. ಸ್ವಭಾವ ಗೊತ್ತು ಎಂದು ಬರೆದೆಯಲ್ಲ, ಸರಿ.

ಪ್ರೇಮವ್ವ ನೀರು ಕುದಿಸಿದಳು. ಹಳೆಯದನ್ನು ತೆಗೆದಿಟ್ಟು, ನಿನ್ನದನ್ನು ಚಿಮುಟದಲ್ಲಿ ಹಿಡಿದು ಅಂಗಳಕ್ಕೆ ಬಂದೆ. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಏಕೆಂದರೆ ಮೂವತ್ತು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ: ಮೆಣಸಿನಕಾಯಿಯನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡುವುದು. ಡಬ್ಬಿ ತಳಿಯ ಕೆಂಪು ಬೇರೆ, ಕಡ್ಡಿ ತಳಿಯ ಕೆಂಪು ಬೇರೆ, ಎಣ್ಣೆ ಸವರಿ ಹೊಳಪು ಕೊಟ್ಟ ಕೆಂಪು ಬೇರೆ.

ನಿನ್ನ ನಳಿಕೆಯ ಒಳಗೆ ಕೆಂಪು ಇದೆ. ಬಾಯಲ್ಲಿ ಇಲ್ಲ, ಬಾಗಿನ ಆಚೆಗೆ. ಉಕ್ಕಿಗೆ ಇರುವ ಬಣ್ಣವಲ್ಲ.

“ಜಂಗ್ ಏನು?” ಎಂದಳು ಪ್ರೇಮವ್ವ. ತುಕ್ಕಲ್ಲ ಎಂದು ತಲೆಯಾಡಿಸಿದೆ. ಹಳೆಯದನ್ನೇ ಮತ್ತೆ ಹಾಕಿಕೊಂಡೆ. ಅವಳು ಅತ್ತಳು. ನನ್ನ ಮೇಲೆ ಅಲ್ಲ, ನಿನ್ನ ಮೇಲೂ ಅಲ್ಲ, ಸುಮ್ಮನೆ ನೀರಿನ ಪಾತ್ರೆಯ ಮುಂದೆ.

ಏನದು?

ಶಂಭು


ರಾಣೇಬೆನ್ನೂರು
೨ ಫೆಬ್ರುವರಿ

ಶಂಭೂ,

ತಾಮ್ರ.

ನಿನ್ನ ಕಾಗದ ಓದಿ ತೊಟ್ಟಿಯ ಹತ್ತಿರ ಹೋದೆ. ನೀರು ತಿಳಿ ನೀಲಿಯಾಗಿತ್ತು. ಹಳದಿಯಾಗಬೇಕಾದ ನೀರು. ಹಿಂದಿನ ದಿನವೂ ಅದರ ಪಕ್ಕದಲ್ಲೇ ಓಡಾಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಬತ್ತಿ ಎಳೆದು ನೋಡಿ ಮತ್ತೆ ಜೋಡಿಸಿದೆನಲ್ಲ, ಆಗ ನಳಿಕೆಯನ್ನು ಮೈನಸ್ಸಿಗೆ ಕಟ್ಟಿದ್ದೇನೆ. ಇಪ್ಪತ್ತೇಳು ವರ್ಷ ಕೆಲಸದ ವಸ್ತು ಕೈಗೆ ಬಂದರೆ ಬಲಗೈ ಮೈನಸ್ಸಿನ ಕ್ಲಿಪ್ಪಿಗೇ ಹೋಗುತ್ತದೆ. ಬೆಳಿಗ್ಗೆ ನೆನಪಿಟ್ಟು ಸರಿಯಾಗಿ ಕಟ್ಟಿದ್ದೆ. ಎರಡನೆಯ ಸಲ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂಬ ಖುಷಿಯಲ್ಲಿ ಕೈಯನ್ನು ಅದರ ಪಾಡಿಗೆ ಬಿಟ್ಟೆ. ತಂತಿ ಕರಗಿ ನಳಿಕೆಯ ಒಳಮೈಗೆ ಕೂತಿತು. ನಾನು ಕೆಟ್ಟ ಕೆಲಸ ಮಾಡಲಿಲ್ಲ ಶಂಭೂ, ಒಳ್ಳೆಯ ಪ್ಲೇಟಿಂಗ್ ಮಾಡಿದೆ. ಅದಕ್ಕೇ ಬತ್ತಿ ಜಾರಿತು.

ಆ ತಾಮ್ರ ನಿನ್ನ ಎದೆಯೊಳಗೆ ಹೋಗುತ್ತಿತ್ತು. ಇದನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಎದ್ದು ಹೊರಗೆ ಹೋಗಿ ಬಂದೆ.

ಈಗ ಕೆಲಸದ ಮಾತು. ಇಸಾಕಸಾಬ ನಳಿಕೆಯನ್ನು ಮರಳಿ ತಂದುಕೊಟ್ಟ. ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಿದೆ. ಅದು ತಾಮ್ರವನ್ನು ತಿನ್ನುತ್ತದೆ, ಈ ಉಕ್ಕನ್ನು ಮುಟ್ಟುವುದಿಲ್ಲ. ಕೆಂಪು ಹೋಗಿದೆ, ನನ್ನ ಕಣ್ಣಿಗೆ. ಬತ್ತಿಯೂ ಜಾರುತ್ತದೆ, ಹೆಚ್ಚು ಕಡಿಮೆ. ನಳಿಕೆಯೊಳಗೆ ಇಳಿಸಿ ನೋಡುವ ಡಾಕ್ಟರರ ಕ್ಯಾಮೆರಾ ಇದನ್ನು ಪಾಸು ಮಾಡಬಹುದು. ನೀನು ಮುಂದಿನ ವಾರವೇ ಹಾಕಿಕೊಳ್ಳಬಹುದು.

ಆದರೆ ತಾಮ್ರದ ಕೆಳಗೆ ಏನಾಗಿತ್ತೋ ನನಗೆ ಗೊತ್ತಿಲ್ಲ. ಉದ್ದಕ್ಕೆ ಕೊಯ್ದು ತೆರೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಕೊಯ್ದರೆ ಉಳಿಯುವುದು ಒಂದೇ ನಳಿಕೆ. ಯಂತ್ರ ಹೋಯಿತು. ಆ ಒಂದು ಕೆಟ್ಟರೆ ಡಾಕ್ಟರರ ಚಾಕು.

ಕಾವ್ಯಾಳನ್ನು ಕೇಳಿದೆ. “ಕೊಳ್ಳು ಅಪ್ಪಂದು. ಅಪ್ಪನ್ನ ಕೇಳ್ರಿ” ಎಂದು ಫೋನ್ ಇಟ್ಟಳು.

ಕೇಳುತ್ತಿದ್ದೇನೆ.

ಅಕ್ಕ


ಬ್ಯಾಡಗಿ
೪ ಫೆಬ್ರುವರಿ

ಕೊಯ್ಯಿ.

ಶಂಭು


ರಾಣೇಬೆನ್ನೂರು
೨೧ ಫೆಬ್ರುವರಿ

ಶಂಭೂ,

ಕೊಯ್ದೆ. ಬಟಾಣಿ ಸಿಪ್ಪೆಯಂತೆ ಎರಡಾಗಿ ಬಿಚ್ಚಿಕೊಂಡಿತು. ಕಾವ್ಯಾ ಮತ್ತು ನಾನು ಕಿಟಕಿಯ ಹತ್ತಿರ ನಿಂತು ನೋಡಿದೆವು, ಅವಳ ಸೂಕ್ಷ್ಮದರ್ಶಕ ಬೇಕೇ ಆಗಲಿಲ್ಲ.

ಬಹಳಷ್ಟು ಮೈ ನುಣುಪಾಗಿತ್ತು, ಹುರುಪೆ ಇರಲಿಲ್ಲ. ಆದರೆ ಮಣಿ ಕೂತಿದ್ದಲ್ಲೆಲ್ಲ ಒಂದೊಂದು ಉಂಗುರ. ಮಣಿಯ ನೆರಳಿನಲ್ಲಿ ಕರೆಂಟು ಬಿದ್ದಿಲ್ಲ, ರವೆ ರವೆಯಾಗಿಯೇ ಉಳಿದಿದೆ. ಅದರ ಕಾಳು ಕಾಳಿನ ನಡುವೆ ಆಸಿಡ್ಡಿಗೂ ಸಿಗದ ಕೆಂಪು ಇನ್ನೂ ಇತ್ತು. ಇದನ್ನು ನಿನಗೆ ಹಾಕಿದ್ದರೆ ಕಫ ಆ ಉಂಗುರಗಳಿಗೇ ಮೊದಲು ಹಿಡಿಯುತ್ತಿತ್ತು. ಕಾವ್ಯಾ ನನ್ನ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ಸಣ್ಣವಳಿದ್ದಾಗ ಹಾಗೆ ಹಿಡಿಯುತ್ತಿದ್ದಳು.

ಉಪಾಯ ಕಣ್ಣೆದುರಿಗೇ ಇತ್ತು. ಸರ ಒಂದೇ ಕಡೆ ನಿಲ್ಲಬಾರದು. ಕರೆಂಟು ಹರಿಯುವಷ್ಟು ಹೊತ್ತೂ ಹಿಂದಕ್ಕೆ ಮುಂದಕ್ಕೆ ಸರಿಯುತ್ತಿರಬೇಕು, ನೆರಳು ಯಾವ ಜಾಗದ ಮೇಲೂ ಕೂಡಬಾರದು. ಗಿಡ್ಡ ತುಂಡುಗಳ ಮೇಲೆ ಮಾಡಿ ನೋಡಿದೆವು, ಉಂಗುರ ಮಾಯವಾಯಿತು. ಆಮೇಲೂ ನಾನು ಕೊನೆಯ ನಳಿಕೆಯನ್ನು ಮುಟ್ಟಲಿಲ್ಲ. ತುಂಡುಗಳು ಮುಗಿಯುವವರೆಗೆ ಅವುಗಳ ಮೇಲೇ ನಡೆಸಿದೆ. ಗಂಗಾ ಬೇಸತ್ತು, “ಇನ್ನ ತುಂಡು ಇಲ್ರಿ ಅಕ್ಕಾರ, ನನ್ನ ಕಾಲುಂಗುರ ಹಾಕ್ರಿ ಬೇಕಾದ್ರ” ಎಂದಳು.

ನಿನ್ನೆ ಮಾಡಿದೆ. ಕ್ಲಿಪ್ಪುಗಳನ್ನು ಎಡಗೈಯಿಂದ ಹಾಕಿದೆ. ಬಲಗೈಗೆ ಎಲ್ಲ ಗೊತ್ತು, ಅದಕ್ಕೇ ಅದನ್ನು ನಂಬಲಿಲ್ಲ. ಎಡಗೈಗೆ ಏನೂ ಗೊತ್ತಿಲ್ಲ, ಪ್ರತಿ ಸಲ ನಿಂತು ಕೇಳುತ್ತದೆ. ಕಾವ್ಯಾ ಎದುರಿಗೆ ನಿಂತು, ಪ್ಲಸ್ಸು ಯಾವುದಕ್ಕೆ ಎಂದು ಗಟ್ಟಿಯಾಗಿ ಕೇಳಿದಳು, ನಾನು ಗಟ್ಟಿಯಾಗಿ ಹೇಳಿದೆ. ನಡುವೆ ಬಿಚ್ಚಲಿಲ್ಲ. ಸರವನ್ನು ನಾನೇ ಎಳೆಯುತ್ತ ಬಿಡುತ್ತ ನಿಂತೆ. ಭುಜ ಸೋತಿತು, ಬಿಡಲಿಲ್ಲ. ಮುಗಿದ ಮೇಲೆ ನೀರು ನೋಡಿದೆವು. ಹಳದಿ.

ಈ ನಳಿಕೆಯನ್ನು ತೆರೆದು ನೋಡುವಂತಿಲ್ಲ. ಒಳಗೆ ಏನಿದೆಯೆಂದು ಕೊಯ್ದ ನಳಿಕೆಯಿಂದ ಮತ್ತು ಆ ತುಂಡುಗಳಿಂದ ಊಹಿಸಿದ್ದೇನೆ. ಬಿಸಿಲಿಗೆ ಹಿಡಿದು ನೀನೂ ಒಮ್ಮೆ ನೋಡು. ಟೆಂಪೋಕ್ಕೆ ಕೊಡುತ್ತಿಲ್ಲ. ಕಾವ್ಯಾ ತನ್ನ ಕೈಯಲ್ಲೇ ಒಯ್ಯುತ್ತಾಳೆ, ನಾಡಿದ್ದು ನಿನ್ನನ್ನೂ ನಳಿಕೆಯನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾಳೆ.

ನಾನು ಬರುವುದಿಲ್ಲ. ಅಲ್ಲಿ ನನ್ನ ಕೆಲಸವಿಲ್ಲ.

ನಿನ್ನ ಅಕ್ಕ


ಬ್ಯಾಡಗಿ
೩ ಮಾರ್ಚ್

ಅಕ್ಕಾ,

ಹಾಕಿದರು. ಡಾಕ್ಟರ್ ಶೀಲಾ ಕ್ಯಾಮೆರಾ ಇಳಿಸಿ ಬಹಳ ಹೊತ್ತು ನೋಡಿದರು. ನಳಿಕೆಯನ್ನು ಕುದಿಸುವುದಕ್ಕೆ ಅವರದೇ ಬೇರೆ ಯಂತ್ರವಿದೆ, ಅದರಲ್ಲಿ ಇಟ್ಟರು, ಮರುದಿನ ಹಾಕಿದರು. ಎಲ್ಲಿಯೂ ಒತ್ತುವುದಿಲ್ಲ. ಒಂದು ವಾರ ಅಲ್ಲೇ ಇರಿಸಿಕೊಂಡರು. ದಿನಾ ತೆಗೆದು ತೊಳೆದರು, ದಿನಾ ಒಳಗೆ ನೋಡಿದರು. ನೀರು ಹಾಕಿದರೆ ಕಫ ತಾನೇ ಜಾರಿ ಬೀಳುತ್ತದೆ. ರಕ್ತ ಇಲ್ಲ. ಕೊಯ್ಯುವ ಮಾತನ್ನು ಕೈಬಿಟ್ಟಿದ್ದಾರೆ.

“ಯಾರು ಮಾಡಿದ್ದು?” ಎಂದು ಕಾವ್ಯಾಳನ್ನು ಕೇಳಿದರು. “ನಮ್ಮ ಅತ್ತಿ. ಬೈಕಿನ ಸೈಲೆನ್ಸರಿಗೆ ನಿಕ್ಕಲ್ ಹೊಡೀತಾರ” ಎಂದಳು ಇವಳು. ಡಾಕ್ಟರು ಮತ್ತೊಮ್ಮೆ ಕ್ಯಾಮೆರಾ ಇಳಿಸಿ ನೋಡಿದರು.

ನೀನು ಖುಷಿಪಡುತ್ತೀ ಎಂದು ಇಷ್ಟು ಬರೆದೆ. ಉಳಿದದ್ದನ್ನೂ ಬರೆಯಬೇಕು. ನಾನು ಇನ್ನೂ ಮಲಗಿಲ್ಲ. ಗೋಡೆಗೆ ಒರಗಿಯೇ ಕೂಡುತ್ತೇನೆ. ತಲೆ ದಿಂಬಿಗೆ ತಾಗಿದರೆ ಎದ್ದು ಕೂಡುತ್ತೇನೆ. ಪ್ರೇಮವ್ವ, “ಮಕ್ಕೋರಿ, ನಳಿಗಿ ಚಲೋ ಐತಿ” ಎನ್ನುತ್ತಾಳೆ. ನಳಿಕೆ ಚೆನ್ನಾಗಿದೆ. ಭಯಕ್ಕೆ ಅದು ಗೊತ್ತಾಗಿಲ್ಲ. ಅದಕ್ಕೆ ಯಾವ ಉಪ್ಪಿನ ನೀರು?

ಶಂಭು


ರಾಣೇಬೆನ್ನೂರು
೨೬ ಮಾರ್ಚ್

ಶಂಭೂ,

ನಿನ್ನೆ ನಾನು ಹಲಗೇರಿಗೆ ಹೋಗಿದ್ದೆ. ಕೂರಿಗೆ ಮಾಡುವವರಿಗೆ ಪ್ಲೇಟಿಂಗ್ ಆದ ಸಾಮಾನು ಮುಟ್ಟಿಸಬೇಕಿತ್ತು, ಅವರು ಕೂಡಿಸಿಕೊಂಡು ಊಟ ಹಾಕಿದರು, ತಡವಾಯಿತು. ಬರುವಷ್ಟರಲ್ಲಿ ಗಂಗಾ ಬಾಗಿಲಲ್ಲೇ ಹಿಡಿದಳು.

“ನಿಮ್ಮ ತಮ್ಮಾರು ಬಂದಿದ್ರು ಅಕ್ಕಾರ. ಒಬ್ರ ಬಂದಿದ್ರು, ಬಸ್ಸಿಗೆ. ಕುಂದ್ರಿ ಅಂತ ಕಿವಿ ಹತ್ರ ಹೋಗಿ ಒದರಿದೆ.”

“ಅವನ ಕಿವಿ ಚಲೋ ಅದಾವಲ್ಲ ಗಂಗಾ.”

“ಹೌದೇನ್ರಿ? ಅದಕ್ಕ ಎರಡೂ ಕಿವಿ ಮುಚ್ಚಿಕೊಂಡ್ರು.”

ಚಹಾ ತರಿಸಿಕೊಟ್ಟಳಂತೆ, ಕುಡಿದೆಯಂತೆ. ಗೋಡೆಗೆ ಬೆನ್ನು ಕೊಟ್ಟು, ನಾವು ಸಾಮಾನು ಒಣಗಿಸುವ ಹಲಗೆಯ ಮೇಲೆ ಕೂತೆಯಂತೆ. ಅವಳು ಉಜ್ಜುವ ಚಕ್ರ ಹಾಕಿಕೊಂಡು ತನ್ನ ಕೆಲಸಕ್ಕೆ ಹತ್ತಿದಳು. ಆ ಚಕ್ರದ ಸಪ್ಪಳ ನಿನಗೆ ಗೊತ್ತು, ಪಕ್ಕದ ಅಂಗಡಿಯವರು ಬೈಯುತ್ತಾರೆ. ಒಂದು ಸಲ ತಿರುಗಿ ನೋಡಿದಾಗ ನೀನು ಕಾಣಲಿಲ್ಲ. ಹೊರಟು ಹೋದರೆಂದುಕೊಂಡಳು. ಹತ್ತಿರ ಬಂದು ನೋಡಿದರೆ ಹಲಗೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡಿದ್ದೀ, ಚಪ್ಪಲಿ ಕೆಳಗೆ ಬಿಟ್ಟು, ಮೊಣಕೈ ತಲೆಗೆ ಕೊಟ್ಟುಕೊಂಡು.

“ಮದ್ಲ ಅಂಜಿಕಿ ಬಂತ್ರಿ. ಕೊಳ್ಳಿನ ಕಡೆ ಬಗ್ಗಿ ನೋಡಿದೆ. ಗಾಳಿ ಸುಮ್ನ ಹೋಗಾಕತ್ತಿತ್ತು, ಬರಾಕತ್ತಿತ್ತು. ಒಂದು ಸಪ್ಪಳಿಲ್ಲ. ಚಕ್ರ ಬಂದ್ ಮಾಡ್ಲೇನು ಅಂದ್ಕೊಂಡೆ. ಬಂದ್ ಮಾಡಿದ್ರ ಎಚ್ಚರಾಗ್ತಾರ ಅಂತ ಹಂಗ ನಡೆಸಿದೆ. ಉಜ್ಜೂದು ಮುಗಿದಿತ್ತು, ಬರೇ ಚಕ್ರ ತಿರುಗಿಸ್ಕೋತ ಕುಂತೆ.”

ಸಂಜೆಯ ಬಸ್ಸಿನ ಹೊತ್ತಿಗೆ ನೀನಾಗಿಯೇ ಎದ್ದೆಯಂತೆ. ಎಲ್ಲಿದ್ದೇನೆಂದು ತಿಳಿಯದವನಂತೆ ಸುತ್ತಲೂ ನೋಡಿದೆಯಂತೆ. ಆಮೇಲೆ ಗಂಗಾಳಿಗೆ ಕೈ ಮುಗಿದು ಹೊರಟೆಯಂತೆ. ಏನನ್ನೂ ಬರೆದಿಟ್ಟಿಲ್ಲ, ಹಲಗೆಯ ಸುತ್ತಮುತ್ತ ಹುಡುಕಿದೆ.

ಮನೆಯಲ್ಲಿ ಈ ಸುದ್ದಿ ಹೇಳಿದ್ದೀಯೋ ಇಲ್ಲವೋ, ಪ್ರೇಮವ್ವನಿಗೆ ನಾನೇ ಫೋನು ಮಾಡಿ ಹೇಳಿದೆ. ಎಷ್ಟು ಹೊತ್ತು ಮಲಗಿದ್ದರೆಂದು ಎರಡು ಸಲ ಕೇಳಿದಳು.

ನಾನು ಅಂಗಡಿಯಲ್ಲಿ ಇದ್ದಿದ್ದರೆ ನಾವು ಮುಖ ಮುಖ ನೋಡಿಕೊಂಡು ಕೂಡಬೇಕಾಗುತ್ತಿತ್ತು. ನೀನು ಮಲಗುತ್ತಿರಲಿಲ್ಲ. ಹಲಗೇರಿಯವರು ಊಟಕ್ಕೆ ಕೂಡಿಸಿದ್ದೇ ಒಳ್ಳೆಯದಾಯಿತೆಂದು ಒಮ್ಮೆ ಅನ್ನಿಸುತ್ತದೆ, ಒಮ್ಮೆ ಇಲ್ಲ.

ನಿನ್ನ ಅಕ್ಕ
ಶ್ರೀದೇವಿ

ಏನು ಹೇಳಬೇಕೆಂದು ಅಷ್ಟು ದೂರ ಬಂದು, ಹಾಗೆ ನಿದ್ದೆ ಹೋದೆ, ಶಂಭೂ?